ಸಿಗಾರು ರಸಿಕರು

ಬೀಡಿ ಸೇದುವವನಿಗೆ ಬೆಂಕಿಯೊಂದಿದ್ದರೆ ಸಾಕು. ಸಿಗಾರು ರಸಿಕನಿಗೆ ಶಾಸ್ತ್ರವೂ ಬೇಕು. ತುದಿಯನ್ನು ನೇರವಾಗಿ ಕತ್ತರಿಸಬೇಕೇ, ಚುಚ್ಚಿ ರಂಧ್ರಮಾಡಬೇಕೇ ಎಂಬಲ್ಲಿಯೇ ಮತಭೇದವು ಮೊದಲಾಗುತ್ತದೆ. ಹೆಸರು ಮುದ್ರಿಸಿದ ಕಾಗದದ ಪಟ್ಟಿಯನ್ನು ಕಳಚಿ ಸೇದುವುದೇ ಸಭ್ಯತೆಯೆಂದು ಆಂಗ್ಲ ಸಂಪ್ರದಾಯದವರು. ಬಿಸಿಗೆ ಅಂಟು ಸಡಿಲುವ ಮುನ್ನ ಕೈಹಾಕಿದರೆ ಹೊರಗಿನ ಎಲೆ ಹರಿದೀತೆಂದು ಅನುಭವಸ್ಥರು. ಪೆಟ್ಟಿಗೆಯೊಳಗಿನ ತೇವವು ನೂರಕ್ಕೆ 70 ಇರಬೇಕೇ, 65 ಸಾಕೇ ಎಂಬ ಚರ್ಚೆಯಂತೂ ದ್ವೈತಾದ್ವೈತಗಳ ವಾದಕ್ಕೆ ಬಿಟ್ಟುಕೊಡುವಂಥದಲ್ಲ. 1962ರಲ್ಲಿ ಅಮೆರಿಕವು ಕ್ಯೂಬಾದೊಡನೆ ವ್ಯಾಪಾರವನ್ನು ನಿರ್ಬಂಧಿಸಿದ ಮೇಲೆ ಹವಾನಾದ ಸಿಗಾರಿಗೆ ನಿಷೇಧದ ರುಚಿಯೂ ಕೂಡಿಕೊಂಡಿತು. ನಿಕರಾಗುವದ ಎಲೆಯೂ ಅದಕ್ಕೆ ಸಮವೆಂದರೆ ಹಳಬರು ಮುಖ ಸಿಂಡರಿಸುತ್ತಾರೆ.

ಹೊಗೆಯನ್ನು ನುಂಗಕೂಡದು, ಬಾಯಲ್ಲಿ ಆಡಿಸಿ ಬಿಡಬೇಕು ಎಂಬ ಒಂದು ನೇಮದಲ್ಲಿ ಮಾತ್ರ ಬಹುಮಟ್ಟಿಗೆ ಎಲ್ಲರೂ ಒಂದು. ಇದರಿಂದಲೇ ಅಪಾಯವಿಲ್ಲವೆಂದು ಸಮಾಧಾನಪಟ್ಟುಕೊಳ್ಳುವವರೂ ಉಂಟು. ಆದರೆ ಬಾಯಿಯೂ ಶರೀರದ ಭಾಗವೇ ಅಲ್ಲವೇ?

ಈ ಪಂಥದವರು ಅಭಿಮಾನದಿಂದ ಹೆಸರಿಸುವವರಲ್ಲಿ ವಿಯೆನ್ನಾದ ಮನಃಶಾಸ್ತ್ರಜ್ಞ ಸಿಗ್ಮಂಡ್ ಫ್ರಾಯ್ಡರು ಒಬ್ಬರು. ದಿನಕ್ಕೆ 20ರವರೆಗೆ ಸೇದುತ್ತಿದ್ದ ಅವರ ಬಾಯಲ್ಲಿ 1923ರಲ್ಲಿ ಅರ್ಬುದವು ಕಾಣಿಸಿಕೊಂಡಿತು. 1939ರಲ್ಲಿ ತೀರಿಕೊಳ್ಳುವಷ್ಟರಲ್ಲಿ 30ಕ್ಕೂ ಮಿಕ್ಕಿ ಶಸ್ತ್ರಕ್ರಿಯೆಗಳಾದವು. ಅಂಗುಳಿನ ಭಾಗವನ್ನು ತೆಗೆದುದರಿಂದ ಬಾಯಿಗೂ ಮೂಗಿಗೂ ನಡುವೆ ಕೃತಕ ತಡೆಯೊಂದನ್ನು ಇಡಬೇಕಾಯಿತು; ಅದು ಕೊಡುತ್ತಿದ್ದ ಯಾತನೆಗಾಗಿ ಅದಕ್ಕೆ ‘ರಾಕ್ಷಸ’ನೆಂದೇ ಹೆಸರು ಬಿತ್ತು. ವೈದ್ಯರು ಬೇಡವೆಂದರು, ಸಿಗಾರು ಬಿಡಲಿಲ್ಲ. ಬೇರೆಯವರ ಮನಸ್ಸಿನ ಗಂಟುಗಳನ್ನು ಬಿಡಿಸುತ್ತಿದ್ದ ಆ ಮಹಾಶಯರು, ದವಡೆ ಬಿಗಿದು ಬಾಯಿ ತೆರೆಯದಾದಾಗ, ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಹಲ್ಲುಗಳ ನಡುವೆ ತುರುಕಿ, ಸಿಗಾರಿಗೆ ದಾರಿಮಾಡಿಕೊಳ್ಳುತ್ತಿದ್ದರು.