ಅತಿಥಿಯ ತೆರಿಗೆ, ಊರಿನ ಸಾಲ

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಮೆಕ್ಸಿಕೋ ಗಡಿಗೆ ತಾಗಿಕೊಂಡಂತೆ, ಸ್ಯಾನ್ ಡಿಯಾಗೋ ಎಂಬ ನಗರವಿದೆ. ಗಡಿಯ ಊರೆಂಬ ಕಾರಣಕ್ಕೋ ಏನೋ, ಅದರ ಸುದ್ದಿ ಕಂಡಲ್ಲಿ ನಮ್ಮ ಕಣ್ಣು ಒಂದು ಗಳಿಗೆ ನಿಲ್ಲುವುದುಂಟು. ಚಾರ್ಜರ್ಸ್ ಎಂಬ ಫುಟ್‌ಬಾಲ್ ತಂಡವು 1961ರಿಂದ ಆ ಊರಿನದಾಗಿತ್ತು. 1967ರಲ್ಲಿ ತೆರೆದ ಹಳೆಯ ಕ್ರೀಡಾಂಗಣ ಸಾಲದೆಂದು, ಪೇಟೆಯ ನಡುವೆ ಹೊಸ ಕ್ರೀಡಾಂಗಣವನ್ನೂ ಅದಕ್ಕೆ ಹೊಂದಿಕೊಂಡ ಸಮ್ಮೇಳನ ಭವನವನ್ನೂ ಕಟ್ಟುವ ಯೋಜನೆಯನ್ನು ತಂಡವು 2016ರಲ್ಲಿ ಮತದಾರರ ಮುಂದಿಟ್ಟಿತು. ಅಂದಾಜು ವೆಚ್ಚ 180 ಕೋಟಿ ಡಾಲರ್. ತಂಡವೂ ಅದರ ಲೀಗೂ ಕೂಡಿ ಕೊಡುವುದು 65 ಕೋಟಿ. ಉಳಿದ 115 ಕೋಟಿಗೆ ನಗರದ ಸಾಲಪತ್ರಗಳು. ಆ ಸಾಲ ತೀರಿಸಲು ಹೋಟೆಲುಗಳಲ್ಲಿ ತಂಗುವವರ ಮೇಲಿನ ತೆರಿಗೆಯನ್ನು ಶೇಕಡಾ 12.5ರಿಂದ 16.5ಕ್ಕೆ ಏರಿಸಬೇಕು. ಊರವರ ಜೇಬಿಗೆ ಕೈಹಾಕುವುದಿಲ್ಲ, ಬಂದು ಹೋಗುವವರೇ ಕೊಡುತ್ತಾರೆ ಎಂಬುದು ಪ್ರಚಾರದ ಸಾರ.

ಈ ಅಂಕೆಗಳನ್ನು ನಾವು ಏಳನೆಯ ತರಗತಿಯ ಶೇಕಡಾವಾರು ಪಾಠಕ್ಕೆ ಬಳಸಿಕೊಂಡೆವು. ತಂಡದ ಕಡೆಯ ಪಾಲು ನೂರಕ್ಕೆ ಸುಮಾರು 36, ನಗರದ್ದು 64 ಎಂದು ಮಕ್ಕಳು ಬೇಗನೆ ಹೇಳಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಾಷ್ಟ್ರೇ, ಅತಿಥಿಗಳು ಬಾರದಿದ್ದರೆ ಸಾಲ ಯಾರದ್ದು?" ಎಂದಳು. ಕೂಡಲೇ ಉತ್ತರ ಹೇಳದೆ ಪ್ರಶ್ನೆಯನ್ನು ಇಡೀ ತರಗತಿಗೆ ಒಪ್ಪಿಸಿದೆವು. "ಸಹಿ ಹಾಕಿದವರದ್ದು" ಎಂಬ ಉತ್ತರ ಮರುದಿನ ಬಂತು.

ಅಲ್ಲಿನವರೂ ಇಂಥದನ್ನೇ ಕೇಳಿದ್ದರು. ತಂಡವು ತನ್ನ ಊರಿನಲ್ಲಿ ವರ್ಷಕ್ಕೆ ಆಡುತ್ತಿದ್ದುದು ಹತ್ತು ಪಂದ್ಯ. ಉಳಿದ ದಿನಗಳಿಗೆ ಸಮ್ಮೇಳನಗಳನ್ನೇ ನಂಬಬೇಕು. ಆದರೆ 1989ರಲ್ಲಿ ತೆರೆದ ಸಮ್ಮೇಳನ ಭವನವೊಂದು ಕಡಲದಂಡೆಯಲ್ಲಿ ಇದ್ದೇ ಇತ್ತು. ಬೀದಿಗಳಾಚೆ ಇನ್ನೊಂದು ಬೇಡ, ಇದ್ದುದನ್ನೇ ಹಿಗ್ಗಿಸಿ ಎಂಬುದು ಹೋಟೆಲು ಉದ್ಯಮದ ಹಲವರ ಅಭಿಪ್ರಾಯ. ಮೂರರಲ್ಲಿ ಎರಡು ಪಾಲು ಮತ ಬೇಕಾಗಿದ್ದಲ್ಲಿ ದೊರೆತದ್ದು ಶೇಕಡಾ ಸುಮಾರು 43. 2017ರ ಜನವರಿಯಲ್ಲಿ ತಂಡವು ತಾನು ಲಾಸ್ ಏಂಜಲೀಸಿಗೆ ಹೊರಡುವುದಾಗಿ ಸಾರಿತು. ಅಭಿಮಾನಿಗಳಿಗೆ ಅದು ಮನೆಮಗ ಮನೆ ಬಿಟ್ಟಂಥ ನೋವು. ಅದನ್ನು ನಾವು ಹಗುರವಾಗಿ ಎಣಿಸಲಾರೆವು.

ಇದನ್ನೆಲ್ಲ ಈಗ ಬರೆಯಲು ಕಾರಣವುಂಟು. ಕಾಸರಗೋಡಿನ ನಮ್ಮ ಹಳ್ಳಿಯಲ್ಲಿಯೂ ಶಾಲೆಯ ಬಯಲನ್ನು ಸೇರಿಸಿಕೊಂಡು ಸಭಾಭವನ, ಗ್ಯಾಲರಿಯುಳ್ಳ ಕ್ರೀಡಾಂಗಣ ಎರಡನ್ನೂ ಕಟ್ಟುವ ಮಾತು ನಡೆದಿದೆ. ಸಾಲ ಮಾಡಿ ಕಟ್ಟುವುದು, ಮದುವೆಗಳ ಬಾಡಿಗೆಯಿಂದ ತೀರಿಸುವುದು ಎನ್ನುತ್ತಾರೆ. ಭವನ ಬೇಡವೆನ್ನಲು ನಮಗೆ ನಾಲಗೆ ಏಳದು. ಮಳೆ ಹನಿದರೆ ವಾರ್ಷಿಕೋತ್ಸವವನ್ನೂ ಯಕ್ಷಗಾನವನ್ನೂ ತಗಡಿನ ಚಪ್ಪರದಡಿ ತುರುಕಬೇಕಾದ ಕಷ್ಟ ನಮ್ಮದೇ. ಆದರೆ ಆಟಿ ತಿಂಗಳಲ್ಲಿ ಮದುವೆಯಿಲ್ಲ, ಜಡಿಮಳೆಯಲ್ಲಿ ಪಂದ್ಯವಿಲ್ಲ. ಸಾಲದ ಕಂತು ಮಾತ್ರ ಹನ್ನೆರಡು ತಿಂಗಳೂ ಉಂಟು. ಆಗಿನ ಕಂತನ್ನು ಯಾರು ಕಟ್ಟುವರು, ಮದುವೆಯ ಕಾರುಗಳು ಬಯಲಿನಲ್ಲಿ ನಿಂತ ದಿನ ಮಕ್ಕಳು ಎಲ್ಲಿ ಆಡುವರು ಎಂದು ಸಮಿತಿಯನ್ನು ಬರೆದು ಕೇಳಿದೆವು. ಹಿರಿಯ ಸದಸ್ಯರೊಬ್ಬರು ನಕ್ಕು, "ಒಳ್ಳೆಯ ಕೆಲಸಕ್ಕೂ ನೀವು ಲೆಕ್ಕ ಕೇಳುತ್ತೀರಲ್ಲ, ಮಾಷ್ಟ್ರೇ!" ಎಂದರು. ಲೆಕ್ಕ ಕಲಿಸುವುದೇ ನಮ್ಮ ಉದ್ಯೋಗವಲ್ಲವೇ?

ಯೋಜನೆಯ ಪತ್ರ ಕಳೆದ ವಾರ ಬಂತು, ಮಲಯಾಳದಲ್ಲಿ ಮಾತ್ರ. ಬಯಲಿನ ಸುತ್ತಲಿನ ಮನೆಗಳ ಹಿರಿಯರು ಓದಬಲ್ಲುದು ಕನ್ನಡವನ್ನು. ಕನ್ನಡದ ಪ್ರತಿ ಕೈಸೇರುವವರೆಗೆ ಗ್ರಾಮಸಭೆಯಲ್ಲಿ ನಿರ್ಣಯ ಬೇಡವೆಂದು ಅರುವತ್ತು ಮಂದಿಯ ಸಹಿ ಪಡೆದು ಕಳುಹಿಸಿದ್ದೇವೆ. ಸಹಿ ಮಾಡಿದವರಲ್ಲಿ ಭವನ ಬೇಕೆನ್ನುವವರೇ ಹೆಚ್ಚು.