ಅರ್ಥವಾಯಿತೇ ಎಂದು ಕೇಳಿದರೆ ಸಾಕೇ?

ಕಾರ್ಕಳದ ಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. "ಅರ್ಥವಾಯಿತೇ ಮಕ್ಕಳೇ?" ಎಂದರೆ ಇಡೀ ತರಗತಿ "ಆಯ್ತು ಟೀಚರ್" ಎನ್ನುತ್ತದೆ. ಬೋರ್ಡಿನ ಬಳಿ ಕರೆದು ಸೀಮೆಸುಣ್ಣ ಕೈಗೆ ಕೊಟ್ಟಾಗಲೇ ನಿಜ ತಿಳಿಯುವುದು. ಇಷ್ಟು ಗೊತ್ತಿದ್ದೂ ಉಮ್ಮನ ವಿಷಯದಲ್ಲಿ ನಾನು ಎಡವಿದೆ.

ಉಮ್ಮ ಕಾಪುವಿನಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಸಕ್ಕರೆ ಕಾಯಿಲೆ ಏರಿದಾಗ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಡಿಸ್ಚಾರ್ಜ್ ದಿನ ಅಣ್ಣ ಬಿಲ್ ಕಟ್ಟುವ ಸಾಲಿನಲ್ಲಿ, ರಿಕ್ಷಾ ಗೇಟಿನಲ್ಲಿ. ನರ್ಸ್ ಅವಸರದಲ್ಲೇ ಇನ್ಸುಲಿನ್ ಬಗ್ಗೆ ಎರಡು ನಿಮಿಷ ಹೇಳಿ "ಅರ್ಥವಾಯಿತಲ್ವಾ?" ಎಂದರು. ಬ್ಯಾರಿ, ತುಳು ಬಿಟ್ಟರೆ ಕನ್ನಡ ಅಷ್ಟಕ್ಕಷ್ಟೇ ಆದ ಉಮ್ಮ ತಲೆಯಾಡಿಸಿದರು. ಅತ್ತಿಗೆಯೂ ನಾನೂ ತಲೆಯಾಡಿಸಿದೆವು. ಇಂಗ್ಲಿಷ್ ಚೀಟಿ ಚೀಲ ಸೇರಿತು.

ಕೆಲವು ತಿಂಗಳಲ್ಲಿ ಉಮ್ಮನ ಕಾಲ್ಬೆರಳಿನಲ್ಲಿ ಗಾಯವಾಯಿತು. ನೋವಿಲ್ಲದ್ದರಿಂದ ಯಾರೂ ಗಮನಿಸಲಿಲ್ಲ. ಕಪ್ಪಾದ ಮೇಲೆ ಮಣಿಪಾಲಕ್ಕೆ ಓಡಿದೆವು.

ಅಲ್ಲಿನ ವಾರ್ಡಿನ ಸಿಸ್ಟರ್ ಅತ್ತಿಗೆಗೆ ಏನೂ ಬೋಧಿಸಲಿಲ್ಲ. "ಮನೆಯಲ್ಲಿ ಹೇಗೆ ಕೊಡುತ್ತೀರೋ ಹಾಗೇ ತೋರಿಸಿ ಅಕ್ಕಾ" ಎಂದರು. ಅತ್ತಿಗೆ ಚೀಲದಿಂದ ಬಾಟಲಿ, ಸಿರಿಂಜ್ ತೆಗೆದು 20ರ ಗೆರೆಯವರೆಗೆ ಎಳೆದರು. ಸಿಸ್ಟರ್ ತಕ್ಷಣ ಕೈ ಹಿಡಿದರು. ಬಾಟಲಿಯ ಮೇಲೆ ಒಂದು ಎಂ.ಎಲ್.ಗೆ 40 ಯುನಿಟ್ ಎಂದಿತ್ತು, ಸಿರಿಂಜ್ 100ರದ್ದು. ಮೊದಲಿನ ಸಿರಿಂಜ್‌ಗಳು ಮುಗಿದಾಗ ಅಣ್ಣ ಅಂಗಡಿಯಿಂದ ತಂದದ್ದು. 20 ಯುನಿಟ್ ಎಂದುಕೊಂಡು ಇಷ್ಟು ದಿನ ನಾವು ಕೊಟ್ಟದ್ದು ಬರೀ 8 ಯುನಿಟ್! 100ರ ಇನ್ಸುಲಿನನ್ನು 40ರ ಸಿರಿಂಜಿನಲ್ಲಿ ಎಳೆದಿದ್ದರೆ ಎರಡೂವರೆ ಪಟ್ಟು ಹೆಚ್ಚು ಹೋಗಿ ಜೀವಕ್ಕೇ ಅಪಾಯವಿತ್ತು. ಐದನೇ ತರಗತಿಯ ಲೆಕ್ಕ. ಗಣಿತದ ಟೀಚರ್ ಆದ ನಾನು ಒಮ್ಮೆಯೂ ಆ ಸಿರಿಂಜ್ ನೋಡಿರಲಿಲ್ಲ.

ಉಮ್ಮನ ಬೆರಳು ಉಳಿಯಲಿಲ್ಲ. ಅದೊಂದೇ ಕಾರಣವೆಂದು ವೈದ್ಯರು ಹೇಳಲಿಲ್ಲ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ.

ಸಿಸ್ಟರ್ ಕೇರಳದವರು. ಅವರ ಮಲಯಾಳಂಗೂ ಉಮ್ಮನ ಬ್ಯಾರಿಗೂ ಬೇಗನೆ ನಂಟು ಬೆಳೆಯಿತು. ಬೆವರು, ನಡುಕ ಬಂದರೆ ಸಕ್ಕರೆ ಇಳಿದಿರಬಹುದು, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು, ಬರಿಗಾಲಲ್ಲಿ ನಡೆಯಬಾರದು, ರಾತ್ರಿ ಅಂಗಾಲು ನೋಡಬೇಕು. ದಿನಕ್ಕೊಂದು ಪಾಠ. ಪ್ರತಿ ಪಾಠದ ಕೊನೆಗೆ "ಈಗ ನೀವು ಹೇಳಿ" ಎನ್ನುತ್ತಿದ್ದರು. ನಾಲ್ಕನೇ ದಿನ ಉಮ್ಮ ಪಕ್ಕದ ಹಾಸಿಗೆಯ ಹೆಂಗಸಿಗೆ ತುಳುವಿನಲ್ಲಿ ಅದನ್ನೇ ಬೋಧಿಸುತ್ತಿದ್ದರು!

ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಬಗ್ಗೆ ಬರೆದ ಪುಸ್ತಕ ಮುಖ್ಯವಾಗಿ ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಮಹಿಳೆಯರಿಗಾಗಿತ್ತು. ರೋಗಿಗೆ ಕಲಿಸುವುದು ನರ್ಸಿನ ಉಪಕಾರವಲ್ಲ, ಚಿಕಿತ್ಸೆಯ ಭಾಗ. ಅದಕ್ಕೆ ಅವರಿಗೆ ಸಮಯ ಬೇಕು. ಒಬ್ಬರ ತಲೆಗೆ ಇಡೀ ವಾರ್ಡು ಕಟ್ಟಿದರೆ ಎರಡು ನಿಮಿಷವೇ ಗತಿ. ಆ ಮೊದಲ ನರ್ಸನ್ನು ಈಗ ನಾನು ದೂರುವುದಿಲ್ಲ. ಅರ್ಥವಾಗದೆ ತಲೆಯಾಡಿಸಿದವರು ನಾವಲ್ಲವೇ? "ಸಿಸ್ಟರ್, ಇನ್ನೊಮ್ಮೆ ಹೇಳಿ" ಎನ್ನಲು ನಮಗೇಕೆ ಅಷ್ಟು ನಾಚಿಕೆ?

ಅತ್ತಿಗೆ ಈಗ ಫ್ರಿಜ್ಜಿನ ಬಾಗಿಲಿಗೆ ದೊಡ್ಡದಾಗಿ '40' ಎಂದು ಬರೆದು ಅಂಟಿಸಿದ್ದಾರೆ.