ಓಡಿದ ಕಾರಿಗೆ ಹೊಸ ಆಯಿಲ್ ಬೇಕಾ?

ನಮ್ಮ ಆಟೊಮ್ಯಾಟಿಕ್ ಕಾರು 1.40 ಲಕ್ಷ ಕಿ.ಮೀ. ದಾಟಿದೆ. ಗೇರ್‌ಬಾಕ್ಸ್ ಆಯಿಲ್ ಒಮ್ಮೆಯೂ ಬದಲಾಗಿಲ್ಲ. ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಾರು ನಡುದಾರೀಲಿ ಕೈಕೊಡೋ ಹಾಗಿಲ್ಲ.

"ಮುಟ್ಟಬೇಡಿ ಸಾರ್, ಹೊಸ ಆಯಿಲ್ ಹಾಕಿದ್ರೆ ಗೇರ್ ಸ್ಲಿಪ್ ಆಗುತ್ತೆ" ಅಂದರು ಮೆಕ್ಯಾನಿಕ್. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಕ್ಲಚ್ ಪ್ಲೇಟ್ ಸವೆದು ಗೇರ್ ಆಗಲೇ ಸ್ಲಿಪ್ ಆಗ್ತಿದ್ರೆ ಯಾವ ಆಯಿಲ್ಲೂ ಅದನ್ನು ಉಳಿಸೋಲ್ಲ. ಆಮೇಲೆ ಕೆಟ್ಟರೆ ಅಪವಾದ ಮಾತ್ರ ಹೊಸ ಆಯಿಲ್‌ಗೆ!

ನಮ್ಮ ಗೇರ್ ಇನ್ನೂ ನಯವಾಗೇ ಬದಲಾಗುತ್ತೆ. ಡಿಪ್‌ಸ್ಟಿಕ್ ತೆಗೆದು ನೋಡಿದೆ: ಆಯಿಲ್‌ನ ಕೆಂಪು ಹೋಗಿ ಕಂದು ಬಂದಿದೆ, ಸುಟ್ಟ ವಾಸನೆ ಇಲ್ಲ. ಹಾಗಾಗಿ ಬದಲಿಸೋದು ಅಂತಲೇ ತೀರ್ಮಾನಿಸಿದೆ. ಗೇರ್ ಬದಲಾಗಲು ಬೇಕಾದ ಒತ್ತಡವೂ, ಒಳಗಿನ ಬಿಸಿ ಇಳಿಯೋದೂ ಈ ಆಯಿಲ್‌ನಿಂದಲೇ.

ಮೆಷಿನ್ ಫ್ಲಶ್ ಮಾತ್ರ ಬೇಡ ಅಂದೆ. ಡ್ರೈನ್ ಬೋಲ್ಟ್ ಬಿಚ್ಚಿದರೆ ಎಲ್ಲ ಆಯಿಲ್ ಇಳಿಯಲ್ಲ, ಒಂದಷ್ಟು ಟಾರ್ಕ್ ಕನ್ವರ್ಟರ್‌ನಲ್ಲೇ ಉಳಿಯುತ್ತೆ. ಇಳಿದಷ್ಟೇ ತುಂಬಿಸಿ, ಕೆಲವು ನೂರು ಕಿ.ಮೀ. ಓಡಿಸಿ, ಮತ್ತೊಮ್ಮೆ ಹಾಗೇ ಮಾಡಿದರೆ ಹಳೇ ಗೇರ್‌ಬಾಕ್ಸ್ ನಿಧಾನಕ್ಕೆ ಒಗ್ಗಿಕೊಳ್ಳುತ್ತೆ.

ನೀವೂ ಮಾಡಿಸೋದಾದ್ರೆ ಮೊದಲು ಮ್ಯಾನ್ಯುಯಲ್ ತೆರೆದು ಗ್ರೇಡ್ ನೋಡಿ. ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಆಯಿಲ್ ಹಾಕಿಸಿದರೆ, ಮೆಕ್ಯಾನಿಕ್ ಹೇಳಿದ ಭಯವೇ ನಿಜವಾದೀತು.